ಕೇಂಬ್ರಿಡ್ಜ್‌ನ ಕೋಟೆದಿಬ್ಬದ ಬಗ್ಗೆ ನಮ್ಮ ಕೌನ್ಸಿಲರ್‌ಗೊಂದು ಬಹಿರಂಗ ಪತ್ರ

ಮಾನ್ಯ ಕೌಂಟಿ ಕೌನ್ಸಿಲರ್ ಅವರಿಗೆ ನಮಸ್ಕಾರ.

ಕಾಮನ್‌ವೆಲ್ತ್ ದೇಶದ ಪ್ರಜೆ ಅನ್ನುವ ಕಾರಣಕ್ಕೆ ಈ ಊರಿನ ಚುನಾವಣೆಯಲ್ಲಿ ನನಗೂ ಒಂದು ಮತವಿದೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿ ನಿಮಗೆ ಇಮೇಲ್ ಮಾಡಿದ್ದೇನೆ. ಇಲ್ಲಿ ಕನ್ನಡದಲ್ಲಿ ಹಾಕಿರುವುದು, ಮಕ್ಕಳನ್ನು ಕರೆದುಕೊಂಡು ಕ್ಯಾಸಲ್ ಹಿಲ್ ಹತ್ತುವ ನಮ್ಮವರೂ ಓದಲಿ ಎಂದು.

ಊರಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದರೆ ಮೊದಲ ಪ್ರಶ್ನೆಯೇ "ಕೋಟೆ ಎಲ್ಲಿ?" ಚಿತ್ರದುರ್ಗ ನೋಡಿದ ಕಣ್ಣು, ಪಾಪ. ನಿಂತಿರುವುದೇ ಕೋಟೆಯ ಮೇಲೆ ಎಂದರೆ ನಂಬುವುದಿಲ್ಲ. 1068ರಲ್ಲಿ ಯಾರ್ಕ್‌ನಿಂದ ಮರಳುತ್ತಿದ್ದ ವಿಲಿಯಂ ದೊರೆ ಇಲ್ಲಿ ಮಣ್ಣು ಪೇರಿಸಿ ಮರದ ಕೋಟೆ ಕಟ್ಟಿಸಿದ. ಮರ ಹೋಯಿತು. ಎರಡು ಶತಮಾನದ ಮೇಲೆ ಮೊದಲನೇ ಎಡ್ವರ್ಡ್ ಕಟ್ಟಿಸಿದ ಕಲ್ಲುಗೋಡೆಗಳನ್ನು ಕಾಲೇಜುಗಳು ತಮ್ಮ ಕಟ್ಟಡಕ್ಕೆಂದು ಹೊತ್ತುಕೊಂಡು ಹೋದವು. ಮಣ್ಣು ಯಾರಿಗೂ ಬೇಡವಾಗಿತ್ತು, ಅದಕ್ಕೇ ಉಳಿಯಿತು.

ಇವತ್ತು ಅದು ಸಂರಕ್ಷಿತ ಸ್ಮಾರಕ. 1979ರ ಕಾಯ್ದೆಯಂತೆ ಅನುಮತಿಯಿಲ್ಲದೆ ಅಗೆಯುವುದಿರಲಿ, ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವುದೂ ಅಪರಾಧ. ಬೂಟುಗಾಲಿಗೆ ಮಾತ್ರ ಯಾವ ಕಾಯ್ದೆಯೂ ನಾಟುವುದಿಲ್ಲ. ಕಾಲುದಾರಿ ಬಿಟ್ಟು ಇಳಿಜಾರಿನಲ್ಲಿ ನೆಟ್ಟಗೆ ಹತ್ತಿದರೆ ಹುಲ್ಲು ಸವೆಯುತ್ತದೆ, ಮಳೆನೀರು ಅದೇ ಜಾಡು ಹಿಡಿದು ಮಣ್ಣು ಕೊಚ್ಚುತ್ತದೆ. ಬಿದ್ದ ಕಲ್ಲನ್ನಾದರೂ ಎತ್ತಿ ಇಡಬಹುದು. ಕೊಚ್ಚಿಹೋದ ಮಣ್ಣಿನ ಪದರಗಳನ್ನು ಮತ್ತೆ ಜೋಡಿಸುವವರು ಯಾರು? ಹಾಗಂತ ಬೇಲಿ ಹಾಕಿಬಿಟ್ಟೀರಿ! ಮೊದಲು ಜಗಳಕ್ಕೆ ಬರುವವಳು ನಾನೇ.

2021ರಲ್ಲಿ ಕೌಂಟಿಯ ಮುಖ್ಯ ಕಚೇರಿ ಆಲ್ಕನ್‌ಬರಿಗೆ ಹೋಯಿತು. ದಿಬ್ಬದ ಪಕ್ಕದಲ್ಲಿರುವ ಆ ಹಳೆಯ ಕಚೇರಿ ಕಟ್ಟಡ, ಶೈರ್ ಹಾಲ್, ಮುಂದೆ ಯಾರ ಕೈಗೆ ಹೋದರೂ ದಿಬ್ಬದ ದಾರಿ ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿರಬೇಕು ಎಂಬ ಮಾತು ಕರಾರಿನ ಕಾಗದದಲ್ಲೇ ಇರಲಿ. ಬಾಯಿಮಾತು ಸಾಲದು. ಇನ್ನೊಂದು ಕೋರಿಕೆ ಚಿಕ್ಕದು. ಕೋಟೆಗೆ ಜಾಗ ಮಾಡಲು ಇಲ್ಲಿ 27 ಮನೆ ಕೆಡವಿದರೆಂದು ಅದೇ ವಿಲಿಯಂ ದೊರೆ ಮಾಡಿಸಿದ ಆಸ್ತಿಪಾಸ್ತಿಯ ಲೆಕ್ಕದ ಪುಸ್ತಕ, 1086ರ ಡೂಮ್ಸ್‌ಡೇ ದಾಖಲೆಯಲ್ಲಿದೆ. ದಿಬ್ಬದ ಬುಡದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ದೊರೆಯ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಆ ಲೆಕ್ಕವನ್ನೂ ಬರೆಸಿ. ಇಳಿಜಾರಿನಲ್ಲಿ ಜಾರಬೇಡಿ ಅನ್ನುವುದನ್ನೂ ಅಲ್ಲೇ ಸೇರಿಸಿದರೆ ನಮ್ಮಂಥ ಅಮ್ಮಂದಿರ ಗಂಟಲು ಉಳಿಯುತ್ತದೆ.

ಒಂದು ಶನಿವಾರ ಬೆಳಿಗ್ಗೆ ನೀವೂ ಬನ್ನಿ. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ. ಬಾನು ತಿಳಿಯಾಗಿದ್ದರೆ ಈಲಿ ಕೆಥೆಡ್ರಲ್ ತನಕ ಕಾಣುತ್ತದೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು