ಪ್ರಶ್ನಾವಳಿ ಕೆಳಗಿಳಿಯುತ್ತದೆ, ದುಡ್ಡು ಇಳಿಯಲ್ಲ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೈಗಾರಿಕೆ ಮತ್ತು ಕಾರ್ಮಿಕ ಸಚಿವರಿಗೆ,

ನಮಸ್ಕಾರ. ನಾನು ಹನ್ನೊಂದು ವರ್ಷ ಒಂದು ಸಣ್ಣ ಬಿಡಿಭಾಗ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡಿದವನು. ತಗಡು ಒತ್ತಿ, ಬಾಗಿಸಿ, ಪಾಲಿಶ್ ಹಾಕಿ ಹಿಡಿ, ಕೊಂಡಿ, ಬ್ರಾಕೆಟ್ ಮಾಡುತ್ತಿದ್ದೆವು. ಅವು ಹೋಗಿ ದೊಡ್ಡ ಕಂಪನಿಯೊಂದರ ಯಂತ್ರಗಳೊಳಗೆ ಕೂರುತ್ತಿದ್ದವು. ಹಾಜರಿ, ಸಂಬಳ, ಲೈಸೆನ್ಸುಗಳ ಫೈಲು ನನ್ನ ಕೆಲಸ. ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂದು ನೋಡುವ ಆಡಿಟ್ ಬಂದಾಗ ಕಾರ್ಖಾನೆಯನ್ನು ‘ರೆಡಿ’ ಮಾಡುವುದೂ ನನ್ನದೇ. ಆ ರೆಡಿ ಮಾಡುವ ಕೆಲಸದ ಬಗ್ಗೆಯೇ ಈ ಪತ್ರ.

ದೊಡ್ಡ ತಯಾರಕರು ತಮ್ಮ ಪೂರೈಕೆ ಸರಪಳಿಯಲ್ಲಿ ಮಾನವ ಹಕ್ಕುಗಳ ಡ್ಯೂ ಡಿಲಿಜೆನ್ಸ್ ಮಾಡಲೇಬೇಕು ಅನ್ನುವ ಕಾಯಿದೆಗಳು ಒಂದೊಂದೇ ದೇಶದಲ್ಲಿ ಬರುತ್ತಿವೆ. ಇಂದಲ್ಲ ನಾಳೆ ಅಂಥದ್ದೊಂದು ಕರಡು ನಿಮ್ಮ ಮೇಜಿಗೂ ಬರುತ್ತದೆ. ಹೆಸರು ಉದ್ದ, ಆದರೆ ವಿಷಯ ಸರಳ. ನಾನು ಮಾರುವ ವಸ್ತು ಯಾರ ಕೈಯಿಂದ ಬಂತು, ಅದನ್ನು ಮಾಡುವಾಗ ಯಾರಿಗಾದರೂ ಅನ್ಯಾಯ ಆಗುತ್ತಿದೆಯಾ ಎಂದು ಮೊದಲೇ ನೋಡಿಕೊಳ್ಳುವುದು. ಆಗುತ್ತಿದ್ದರೆ ನಿಲ್ಲಿಸುವುದು. ಆಗಿಹೋಗಿದ್ದರೆ ಸರಿಪಡಿಸುವುದು. 2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 31 ಮಾರ್ಗದರ್ಶಿ ಸೂತ್ರಗಳನ್ನು ಒಪ್ಪಿತಲ್ಲ, ಅವು ಕಂಪನಿಗಳಿಗೆ ಹೇಳುವ ಮಾತಿನ ಹುರುಳೂ ಇಷ್ಟೇ.

ಆದರೆ ಅದು ಮೇಲಿನಿಂದ ಇಳಿದು ನಮ್ಮ ಆಫೀಸು ಮುಟ್ಟುವಷ್ಟರಲ್ಲಿ 146 ಪ್ರಶ್ನೆಗಳ ಒಂದು ಫಾರಂ ಆಗಿರುತ್ತಿತ್ತು.

ಮೊದಲ ವರ್ಷ ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡೆ. ‘ನಿಮ್ಮ ಪೂರೈಕೆದಾರರ ಬಳಿ ಬಲವಂತದ ದುಡಿಮೆ ಇದೆಯೇ?’ ಹೌದು ಅಥವಾ ಇಲ್ಲ, ಒಂದನ್ನು ಒತ್ತಬೇಕು. ನಮಗೆ ಸ್ಕ್ರೂ ಎಲ್ಲಿಂದ ಬರುತ್ತಿತ್ತು, ಪಾಲಿಶ್ ಪುಡಿ ಎಲ್ಲಿಂದ ಬರುತ್ತಿತ್ತು, ನನಗೇನು ಗೊತ್ತು? ಬಿಲ್ಲಿನ ಮೇಲಿನ ವಿಳಾಸ ಬಿಟ್ಟರೆ ಏನೂ ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಅಂತ ಒತ್ತಲು ಜಾಗವೇ ಇರಲಿಲ್ಲ. ಮಾಲೀಕರನ್ನು ಕೇಳಿದೆ. “ಇಲ್ಲ ಅಂತ ಹಾಕಪ್ಪ, ಹೌದು ಅಂದ್ರೆ ಇನ್ನೂ ಮೂವತ್ತು ಪ್ರಶ್ನೆ ಬರುತ್ತೆ” ಅಂದರು. ಹಾಕಿದೆ. ಮುಂದಿನ ವರ್ಷದಿಂದ ಹಳೆಯ ಫಾರಂ ತೆಗೆದು ತಾರೀಖು ಬದಲಿಸಿದ್ದಷ್ಟೇ.

ಆಡಿಟ್ ದಿನದ ಕತೆ ಇನ್ನೊಂದು. ಬೆಳಿಗ್ಗೆ ಎಲ್ಲರಿಗೂ ಹೊಸ ಕೈಗವಸು ಹಂಚುತ್ತಿದ್ದೆವು. ಸಂಜೆ ಆಡಿಟರ್ ಕಾರು ಗೇಟು ದಾಟಿದ ಮೇಲೆ ವಾಪಸ್ ಪಡೆದು, ಎಣಿಸಿ, ಕಟ್ಟಿ ಬೀರುವಿಗೆ ಸೇರಿಸುತ್ತಿದ್ದೆವು, ಮುಂದಿನ ವರ್ಷಕ್ಕೆ. ಹಾಜರಿ ಪುಸ್ತಕ ಎರಡಿದ್ದವು. ಒಂದರಲ್ಲಿ ಎಲ್ಲರೂ ಆರು ಗಂಟೆಗೆ ಮನೆಗೆ ಹೋಗುತ್ತಿದ್ದರು. ಇನ್ನೊಂದರಲ್ಲಿ ನಿಜವಿತ್ತು. ಕೆಲಸಗಾರರಿಗೆ ಹಿಂದಿನ ದಿನವೇ ಉತ್ತರ ಬಾಯಿಪಾಠ ಮಾಡಿಸುತ್ತಿದ್ದೆವು. ಪಾಲಿಶ್ ವಿಭಾಗದ ಒಬ್ಬ ಹೆಂಗಸನ್ನು ಆಡಿಟರ್ “ದಿನಕ್ಕೆ ಎಷ್ಟು ಗಂಟೆ ಕೆಲಸ?” ಎಂದು ಕೇಳಿದರು. “ಎಂಟು” ಅಂದಳು. “ವಾರಕ್ಕೆ ಎಷ್ಟು ರಜೆ?” “ಎಂಟು.” ಪಕ್ಕದಲ್ಲಿ ಸೂಪರ್‌ವೈಸರ್ ನಿಂತಿದ್ದ. ಆಡಿಟರ್ ಒಂದು ಕ್ಷಣ ಪೆನ್ನು ಎತ್ತಿ ಹಿಡಿದರು, ನಕ್ಕರು, ಮುಂದೆ ಹೋದರು. ಅವರಿಗೂ ಅದೇ ದಿನ ಇನ್ನೊಂದು ಕಾರ್ಖಾನೆ ಮುಗಿಸಬೇಕಿತ್ತು. ನಮಗೆ ಆ ವರ್ಷ ಒಳ್ಳೆಯ ಅಂಕವೇ ಬಂತು.

ನಮ್ಮ ಮಾಲೀಕರು ರಾಕ್ಷಸರೇನಲ್ಲ. ಇದನ್ನು ಹೇಳಲೇಬೇಕು. ಒಂದು ದಿನ ಅರ್ಧ ಗಂಟೆಯ ಅಂತರದಲ್ಲಿ ಅದೇ ದೊಡ್ಡ ಕಂಪನಿಯಿಂದ ಎರಡು ಮೇಲ್ ಬಂದವು. ಮೊದಲನೆಯದು ಹೊಣೆಗಾರಿಕೆ ವಿಭಾಗದ್ದು: ಓಟಿ (ಹೆಚ್ಚುವರಿ ಗಂಟೆಗಳ ಕೆಲಸ) ಮಿತಿಯೊಳಗಿರಬೇಕು, ಎಲ್ಲರಿಗೂ ನ್ಯಾಯವಾದ ಸಂಬಳ ಕೊಡಬೇಕು, ಸಹಿ ಹಾಕಿ ಕಳಿಸಿ. ಎರಡನೆಯದು ಖರೀದಿ ವಿಭಾಗದ್ದು: ಈ ವರ್ಷದ ದರದಲ್ಲಿ ಶೇಕಡ 4 ಇಳಿಸಿ, ಮತ್ತು ಮುಂದಿನ ತಿಂಗಳ ಆರ್ಡರ್ ಹತ್ತು ದಿನ ಮೊದಲೇ ಬೇಕು. ಮಾಲೀಕರು ಎರಡನ್ನೂ ಪ್ರಿಂಟ್ ತೆಗೆಸಿ ಪಕ್ಕಪಕ್ಕ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಆಮೇಲೆ ಎರಡಕ್ಕೂ ಸಹಿ ಹಾಕಿದರು.

ಆ ಹತ್ತು ದಿನ ಎಲ್ಲಿಂದ ಬರಬೇಕಿತ್ತು? ರಾತ್ರಿಯಿಂದ ಬಂತು. ಅದೂ ಸಾಲದಾದಾಗ ಹೊರಗಿನ ಒಂದು ಶೆಡ್ಡಿನಿಂದ ಬಂತು. ನಮ್ಮ ಬ್ರಾಕೆಟ್‌ಗಳು ಕತ್ತಲಾದ ಮೇಲೆ ವ್ಯಾನಿನಲ್ಲಿ ಅಲ್ಲಿಗೆ ಹೋಗಿ ಪ್ಲೇಟಿಂಗ್ (ಲೋಹದ ಲೇಪನ) ಆಗಿ ಬರುತ್ತಿದ್ದವು. 146 ಪ್ರಶ್ನೆಗಳಲ್ಲಿ ಆ ಶೆಡ್ ಇರಲಿಲ್ಲ. ಯಾಕಂದ್ರೆ ಹೊರಗೆ ಕೆಲಸ ಕೊಡುವುದಿಲ್ಲ ಎಂದು ನಾವು ಬರೆದುಕೊಟ್ಟಿದ್ದೆವು. ಲೆಕ್ಕ ತಾಳೆಯಾಗದೆ ನಾನೊಮ್ಮೆ ಬುಟ್ಟಿ ಎಣಿಸಲು ಅಲ್ಲಿಗೆ ಹೋದೆ. ಆಸಿಡ್ ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ತೊಟ್ಟಿಯ ಮುಂದೆ ನಿಂತಿದ್ದ ಹುಡುಗನ ಬೆರಳ ತುದಿಗಳು ಬಿಳಿಚಿ ಸುಲಿದಿದ್ದವು. ಕೈಗವಸು ಕೇಳಬಾರದಾ ಅಂದೆ. “ನನ್ನ ಗುರುತಿನ ಚೀಟಿ ಅವರ ಹತ್ರ ಇದೆ” ಅಂದ. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧ ಇಲ್ಲ ಅನ್ನಿಸಿತು ಆಗ. ಆಮೇಲೆ ಅರ್ಥವಾಯಿತು. ಕೆಲಸ ಕೊಡಿಸಿದ ಏಜೆಂಟಿಗೆ ಅವನು ಸಾಲ ಮಾಡಿ ದುಡ್ಡು ಕೊಟ್ಟಿದ್ದ. ಅದು ತೀರುವವರೆಗೆ ಚೀಟಿ ಸಿಗುವುದಿಲ್ಲ. ಚೀಟಿ ಸಿಗುವವರೆಗೆ ಬಾಯಿ ಬಿಡುವಂತಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳ ಅಂದಾಜಿನ ಪ್ರಕಾರ 2021ರಲ್ಲಿ ಯಾವುದೇ ಒಂದು ದಿನ ನೋಡಿದರೂ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಈ ಸಂಖ್ಯೆ ಓದಿದಾಗೆಲ್ಲ ನನಗೆ ಆ ಬೆರಳುಗಳು ನೆನಪಾಗುತ್ತವೆ. ಅವನ ಶೆಡ್ಡಿಗೆ ಬ್ರಾಕೆಟ್ ಕಳಿಸಿದವನು ನಾನೇ ಅಲ್ವಾ.

ನಮ್ಮದು ಸಣ್ಣ ಸುಳ್ಳು ಅಂದುಕೊಳ್ಳಬಹುದು. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಬಟ್ಟೆ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ಕೆಲಸಗಾರರ ಹಕ್ಕು, ಸುರಕ್ಷತೆ ಸರಿಯಿದೆ ಎಂದು ಹೇಳುವ ಎಸ್‌ಎ 8000 ಎಂಬ ಹೆಸರಾಂತ ಪ್ರಮಾಣಪತ್ರ ಸಿಕ್ಕಿತ್ತು. ಸೆಪ್ಟೆಂಬರ್ 11ರಂದು ಅದಕ್ಕೆ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. 250ಕ್ಕೂ ಹೆಚ್ಚು ಜನ ಒಳಗೇ ಸತ್ತರು. ಪ್ರಮಾಣಪತ್ರಕ್ಕೆ ಒಂದು ತಿಂಗಳೂ ಸರಿಯಾಗಿ ತುಂಬಿರಲಿಲ್ಲ. ಮರುವರ್ಷ ಏಪ್ರಿಲ್ 24ಕ್ಕೆ ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿದ್ದ ಗಾರ್ಮೆಂಟ್ ಕೆಲಸಗಾರರನ್ನು ಮಾತ್ರ ಒಳಗೆ ಕರೆದರು. 1,134 ಜನ ಸತ್ತರು. ಅಲ್ಲಿನ ಕೆಲವು ಕಾರ್ಖಾನೆಗಳಿಗೂ ಆಡಿಟ್ ಆಗಿತ್ತು. ಅವಶೇಷಗಳಡಿ ಸಿಕ್ಕಿಕೊಂಡವರಿಗೆ ಆ ಹಿಂದಿನ ದಿನವೇ ಅಪಾಯ ಗೊತ್ತಿತ್ತು. ಬೇಡ ಅನ್ನುವ ಹಕ್ಕು ಅವರಿಗಿರಲಿಲ್ಲ, ಅಷ್ಟೇ.

ಅದಕ್ಕೇ ಅದಾದ ಮೇಲೆ 2013ರ ಮೇನಲ್ಲಿ ಬಂದ ‘ಬಾಂಗ್ಲಾದೇಶ ಅಕಾರ್ಡ್’ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದು ಬ್ರಾಂಡುಗಳೂ ಕಾರ್ಮಿಕ ಸಂಘಗಳೂ ಕೂತು ಮಾಡಿಕೊಂಡ, ಕಾನೂನಿನ ಬಲ ಇದ್ದ ಒಪ್ಪಂದ. ತಪಾಸಣೆ ವರದಿಯನ್ನು ಎಲ್ಲರೂ ನೋಡುವಂತೆ ಹೊರಗಿಡಬೇಕಿತ್ತು. ಅಪಾಯ ಕಂಡರೆ ಕೆಲಸಕ್ಕೆ ಇಳಿಯಲ್ಲ ಅನ್ನುವ ಹಕ್ಕು ಕೆಲಸಗಾರರಿಗಿತ್ತು. ಎಲ್ಲಕ್ಕಿಂತ ಜಾಸ್ತಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಮಾತು: ಕಟ್ಟಡ ಸರಿಪಡಿಸುವ ಖರ್ಚು ಕಾರ್ಖಾನೆಗೆ ಗಿಟ್ಟುವ ಹಾಗೆ ವ್ಯವಹಾರ ಕುದುರಿಸುವುದು ಬ್ರಾಂಡಿನ ಜವಾಬ್ದಾರಿ. ಅಂದರೆ ಕರಾರಿನ ಜೊತೆ ದುಡ್ಡೂ ಕೆಳಗಿಳಿಯಬೇಕು.

ಕಾಯಿದೆಗಳ ವಿಷಯಕ್ಕೆ ಬರೋಣ. ಬ್ರಿಟನ್ 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯಿದೆ ತಂದಿತು. ದೊಡ್ಡ ಕಂಪನಿಗಳು ವರ್ಷಕ್ಕೊಂದು ಹೇಳಿಕೆ ಕೊಡಬೇಕು. ತಮಾಷೆ ಏನಂದ್ರೆ, ‘ನಾವು ಏನೂ ಕ್ರಮ ತೆಗೆದುಕೊಂಡಿಲ್ಲ’ ಎಂದು ಹೇಳಿಕೆ ಕೊಟ್ಟರೂ ಆ ಕಾಯಿದೆ ಪಾಲಿಸಿದ ಹಾಗೆಯೇ. ದಯವಿಟ್ಟು ನೀವು ಇಂಥದ್ದನ್ನು ತರಬೇಡಿ. ನಮ್ಮಂಥ ಗುಮಾಸ್ತರು ಬರೆಯುವ ಸುಳ್ಳೇ ಸಾಕಷ್ಟಿದೆ.

ಫ್ರಾನ್ಸ್ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ಇಂಥ ಅನ್ಯಾಯ ತಡೆಯುವ ಯೋಜನೆಯನ್ನು ದೊಡ್ಡ ಕಂಪನಿಗಳು ಬರೆದರೆ ಸಾಲದು, ಜಾರಿಗೂ ತರಬೇಕು, ಇಲ್ಲದಿದ್ದರೆ ಕೋರ್ಟಿಗೆ ಎಳೆಯಬಹುದು. 2023ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಅಲ್ಲಿನ ಅಂಚೆ ಕಂಪನಿ ಲಾ ಪೋಸ್ಟ್‌ಗೆ, ನಿಮ್ಮ ಯೋಜನೆ ತೀರಾ ಮೇಲುಮೇಲಿನದು, ಅಪಾಯಗಳನ್ನು ಸರಿಯಾಗಿ ಗುರುತಿಸಿ, ಉಪಗುತ್ತಿಗೆದಾರರನ್ನು ಅಳೆಯುವ ಕ್ರಮ ಮಾಡಿ ಎಂದು ಆದೇಶಿಸಿತು. ಕೇಸು ಹಾಕಿದ್ದು ಕಾರ್ಮಿಕ ಸಂಘ. ಜರ್ಮನಿಯ ಕಾಯಿದೆ 2023ರ ಜನವರಿಯಿಂದ ಜಾರಿಗೆ ಬಂತು. ಬಂದ ಕೂಡಲೇ ಅಲ್ಲಿನ ಕಂಪನಿಗಳು ಏನು ಮಾಡಿದವು ಗೊತ್ತಾ? ತಮ್ಮ ಹೊಣೆಯನ್ನೆಲ್ಲ ಕರಾರಿಗೆ ಸೇರಿಸಿ ಪೂರೈಕೆದಾರರ ತಲೆಗೆ ಕಟ್ಟಲು ಹೊರಟವು. ಅದೇ ವರ್ಷ ಉಸ್ತುವಾರಿ ಇಲಾಖೆ ಎಚ್ಚರಿಸಬೇಕಾಯಿತು: ಹೊಣೆಯನ್ನು ಸಾರಾಸಗಟಾಗಿ ಕೆಳಗೆ ದಾಟಿಸುವಂತಿಲ್ಲ. ಯುರೋಪ್ ಒಕ್ಕೂಟ 2024ರಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಒಂದೇ ನಿರ್ದೇಶನ ತಂದು, ಮರುವರ್ಷವೇ ಜಾರಿಯನ್ನು ಮುಂದೂಡಿತು. ‘ಉದ್ಯಮಕ್ಕೆ ಹೊರೆ’ ಎಂಬ ಕೂಗು ಎದ್ದಿತ್ತು. ಆ ಕೂಗು ನಿಮಗೂ ಕೇಳಿಸುತ್ತದೆ.

ಹೊರೆ ಅನ್ನುವುದು ಪೂರ್ತಿ ಸುಳ್ಳಲ್ಲ. ನಾನೇ ಹೊತ್ತಿದ್ದೇನೆ. ಐದು ಖರೀದಿದಾರರಿದ್ದರೆ ಐದು ಆಡಿಟ್, ಐದು ಫೀಸು. ಅದೂ ನಮ್ಮ ಜೇಬಿನಿಂದಲೇ. ಆ ದುಡ್ಡಿನಲ್ಲಿ ಎಲ್ಲರಿಗೂ ವರ್ಷವಿಡೀ ಕೈಗವಸು ಕೊಡಬಹುದಿತ್ತು. ಹೊರೆ ಕಡಿಮೆ ಮಾಡಬೇಕಾದರೆ ಫಾರಂಗಳನ್ನು ಕಡಿಮೆ ಮಾಡಿ. ಹೊಣೆಯನ್ನಲ್ಲ.

ನಿಮ್ಮ ಕರಡಿನಲ್ಲಿ ಮೊದಲು ಇರಬೇಕಾದ್ದು ಖರೀದಿ ವಿಭಾಗ. ಕಂಪನಿಯನ್ನು ಕೇಳಿ: ಈ ದರದಲ್ಲಿ, ಈ ಗಡುವಿನಲ್ಲಿ, ಕಾನೂನುಬದ್ಧ ಸಂಬಳ ಕೊಟ್ಟು ಈ ವಸ್ತು ಮಾಡಲು ಆಗುತ್ತದಾ? ಲೆಕ್ಕ ತೋರಿಸಿ. ಬಿಲ್ಲು ಪಾಸು ಮಾಡಲು ಎಷ್ಟು ದಿನ ತೆಗೆದುಕೊಂಡಿರಿ? ಆರ್ಡರ್ ಎಷ್ಟು ಸಲ ಬದಲಿಸಿದಿರಿ? ವಿಶ್ವಸಂಸ್ಥೆಯ ಸೂತ್ರಗಳಲ್ಲೇ, ಹಾನಿಯನ್ನು ತಾನೇ ಮಾಡುವುದು ಬೇರೆ, ಅದಕ್ಕೆ ಕೈಜೋಡಿಸುವುದು ಬೇರೆ ಎಂದು ವಿಂಗಡಿಸಿದ್ದಾರೆ. ಎರಡಕ್ಕೂ ಪರಿಹಾರದ ಹೊಣೆ ಇದೆ. ಹತ್ತು ದಿನ ಕಿತ್ತುಕೊಂಡವರು ಆ ರಾತ್ರಿಪಾಳಿಗೆ ಕೈಜೋಡಿಸಿದವರೇ.

ಇನ್ನೊಂದು, ಆಡಿಟ್ ಸರ್ಟಿಫಿಕೇಟ್ ತೋರಿಸಿದ ಮಾತ್ರಕ್ಕೆ ಯಾರೂ ಪಾರಾಗಬಾರದು. ಅದರ ಬದಲು ಕಂಪನಿಗಳು ತಮ್ಮ ಕಾರ್ಖಾನೆಗಳ ಪಟ್ಟಿಯನ್ನು ವಿಳಾಸ ಸಮೇತ ಹೊರಗಿಡಲಿ, ಉಪಗುತ್ತಿಗೆಯ ಶೆಡ್ಡುಗಳೂ ಸೇರಿ. ನಾರ್ವೆಯಲ್ಲಿ 2022ರಿಂದ ಯಾರು ಬೇಕಾದರೂ ಕಂಪನಿಗೆ ಪತ್ರ ಬರೆದು, ನಿಮ್ಮ ಸರಪಳಿಯಲ್ಲಿನ ಅನ್ಯಾಯಕ್ಕೆ ಏನು ಮಾಡುತ್ತಿದ್ದೀರಿ ಎಂದು ಕೇಳಬಹುದು, ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಕೊಡಬೇಕು. ಅದನ್ನು ಹಾಗೇ ಎತ್ತಿಕೊಳ್ಳಿ. ದೂರು ಕೇಳುವ ವ್ಯವಸ್ಥೆ ಕೆಲಸಗಾರರ ಸಂಘದ ಜೊತೆ ಸೇರಿ ಆಗಲಿ, ಅವರಾಡುವ ಭಾಷೆಯಲ್ಲಿ ಇರಲಿ. ನಮ್ಮ ಕಾರ್ಖಾನೆಯ ದೂರು ಪೆಟ್ಟಿಗೆ ಸೂಪರ್‌ವೈಸರ್ ಕೋಣೆಯ ಬಾಗಿಲಲ್ಲೇ ನೇತಾಡುತ್ತಿತ್ತು. ಹನ್ನೊಂದು ವರ್ಷದಲ್ಲಿ ಅದರೊಳಗೆ ಸಿಕ್ಕಿದ್ದು ಎರಡು ಬಸ್ ಟಿಕೆಟ್ಟು.

ತಪ್ಪು ಸಿಕ್ಕಿದ ತಕ್ಷಣ ಆರ್ಡರ್ ಕಿತ್ತುಕೊಂಡು ಓಡುವುದನ್ನೂ ತಡೆಯಬೇಕು. ಹಾಗೆ ಓಡಿದರೆ ಶೆಡ್ಡಿನ ಹುಡುಗನಿಗೆ ಕೆಲಸವೂ ಇಲ್ಲ, ಚೀಟಿಯೂ ಇಲ್ಲ, ಸಾಲ ಮಾತ್ರ ಹಾಗೇ. ಮೊದಲು ಸರಿಪಡಿಸಲು ಒತ್ತಡ ಹಾಕಲಿ. ಒತ್ತಡ ಹಾಕಿದರೆ ದುಡ್ಡು ಹೊರಬರುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ಮಲೇಷ್ಯಾದ ಟಾಪ್ ಗ್ಲೋವ್ ಕಂಪನಿಯ ಎರಡು ಘಟಕಗಳ ಕೈಗವಸುಗಳನ್ನು ಅಮೆರಿಕ 2020ರ ಜುಲೈನಲ್ಲಿ ಬಂದರಿನಲ್ಲೇ ತಡೆಯಿತು. ಆಮೇಲೆ ಆ ಕಂಪನಿ ವಲಸೆ ಕೆಲಸಗಾರರು ಏಜೆಂಟರಿಗೆ ತೆತ್ತಿದ್ದಕ್ಕೆ ಪರಿಹಾರವಾಗಿ ಸುಮಾರು 13.6 ಕೋಟಿ ರಿಂಗಿಟ್ ವಾಪಸ್ ಕೊಟ್ಟಿತು. ಅಲ್ಲಿಯವರೆಗೆ ಹೊರಬರದಿದ್ದ ದುಡ್ಡು ಅದು.

ಕೊನೆಯದಾಗಿ ನಿಮ್ಮದೇ ಒಂದು ವಿಷಯ. ಸರ್ಕಾರವೂ ಖರೀದಿದಾರನೇ. ಸಮವಸ್ತ್ರ, ಬೂಟು, ಕುರ್ಚಿ, ಕಂಪ್ಯೂಟರು, ಆಸ್ಪತ್ರೆಯ ಕೈಗವಸು, ಎಲ್ಲವನ್ನೂ ಕಡಿಮೆ ದರ ಹೇಳಿದವರಿಂದ ಕೊಳ್ಳುತ್ತೀರಿ. ಆ ಕಡಿಮೆ ದರ ಎಲ್ಲಿಂದ ಬಂತು ಅಂತ ನಿಮ್ಮ ಟೆಂಡರ್ ಕಮಿಟಿ ಯಾವತ್ತಾದರೂ ಕೇಳಿದೆಯಾ? ಕಾಯಿದೆಗೆ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಮುಂದಿನ ಟೆಂಡರಿಗೆ ಕಾಯಿದೆ ಬೇಕಾಗಿಲ್ಲ. ಸರಕು ನಿಜವಾಗಿ ತಯಾರಾಗುವ ಎಲ್ಲ ಜಾಗಗಳ ವಿಳಾಸ ಕೊಡಬೇಕು ಎಂದು ಒಂದು ಸಾಲು ಸೇರಿಸಿ. ಆ ಪಟ್ಟಿ ಕೈಗೆ ಬಂದಾಗ ಹೇಳಿ. ಕತ್ತಲಾದ ಮೇಲೆ ಯಾವ ಬಾಗಿಲು ತಟ್ಟಬೇಕು, ಯಾವ ಬೀರು ತೆಗೆಸಿ ನೋಡಬೇಕು ಅಂತ ನಿಮ್ಮ ಅಧಿಕಾರಿಗಳಿಗೆ ತೋರಿಸಲು ನಾನು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಎರಡು ಹಾಜರಿ ಪುಸ್ತಕ ಬರೆದವನು