ಫೋಟೊ ಎಡಿಟಿಂಗ್: ನೋಟ್ಸ್ ಸಾಕು, ಲ್ಯಾಬ್ ಬೇಕು

ಮಾನ್ಯರೇ,

ಮೈಸೂರಿನ ಕಾಲೇಜೊಂದರಲ್ಲಿ ಓದುವ ನನ್ನ ಮಗಳ ಡಿಜಿಟಲ್ ಫೋಟೊ ಎಡಿಟಿಂಗ್ ತರಗತಿ ಬರೀ ನೋಟ್ಸ್ ಬರೆಸುವುದರಲ್ಲೇ ಮುಗಿಯುತ್ತಿದೆ. ಚಿತ್ರದ ಪದರಗಳಾದ ಲೇಯರ್, ಬೇಕಾದ ಭಾಗವನ್ನಷ್ಟೇ ತಿದ್ದಲು ಬಿಡುವ ಮಾಸ್ಕ್, ಬೆಳಕು-ನೆರಳು ಹೊಂದಿಸುವ ಕರ್ವ್ಸ್ ಇವೆಲ್ಲ ಮೌಸ್ ಹಿಡಿದು ಕಲಿಯುವ ವಿದ್ಯೆ ಅಲ್ವಾ? ದಸರಾ ದೀಪಗಳಲ್ಲಿ ಬೆಳಗುವ ಅರಮನೆಯ ಫೋಟೊವನ್ನೇ ನೋಡಿ. ಬಲ್ಬುಗಳು ಜಾಸ್ತಿ ಬೆಳ್ಳಗಾಗಿ, ಸುತ್ತಲಿನದೆಲ್ಲ ಕಪ್ಪಾಗಿರುತ್ತದೆ. ಸಾಮಾನ್ಯ ಜೆಪೆಗ್ ಫೋಟೊ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಪ್ರತಿ ಬಣ್ಣಕ್ಕೆ ಹೊಳಪಿನ 256 ಹಂತ ಮಾತ್ರ. ಕ್ಯಾಮೆರಾ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲಲ್ಲಿ ಅಡಗಿದ ವಿವರವನ್ನು ಮೇಲೆತ್ತಲು ಈ ವ್ಯತ್ಯಾಸವೇ ನೆರವಾಗುವುದು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಲಾಗದು.

ಸಾಫ್ಟ್‌ವೇರ್ ದುಬಾರಿ ಎನ್ನುವಂತಿಲ್ಲ. ಗಿಂಪ್, ಡಾರ್ಕ್‌ಟೇಬಲ್ ಉಚಿತವಾಗಿ ಸಿಗುತ್ತವೆ. ಕಾಲೇಜುಗಳು ಇವನ್ನು ಲ್ಯಾಬಿನಲ್ಲಿ ಹಾಕಿಸಲಿ. ತರಗತಿಯ ಅರ್ಧ ಸಮಯವನ್ನಾದರೂ ವಿದ್ಯಾರ್ಥಿಗಳು ತಾವೇ ತೆಗೆದ ಫೋಟೊಗಳನ್ನು ತಿದ್ದಲು ಮೀಸಲಿಡಲಿ.

– ಒಬ್ಬ ಪೋಷಕಿ, ಕುವೆಂಪುನಗರ, ಮೈಸೂರು