ಆಪರೇಷನ್ ಆದವರು ತಾಲ್ಲೂಕು ಆಸ್ಪತ್ರೆಗೆ ಬಂದಾಗ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಬೊಜ್ಜಿಗೆ ಆಪರೇಷನ್ನೋ ಔಷಧಿಯೋ ಎಂಬ ಚರ್ಚೆ ಸಾಮಾನ್ಯವಾಗಿ ಎಷ್ಟು ಕಿಲೋ ಇಳಿಯಿತು ಎಂಬಲ್ಲಿಗೆ ಮುಗಿದುಹೋಗುತ್ತದೆ. ಸಕ್ಕರೆ ಕಾಯಿಲೆಯೂ ಇದ್ದವರ ಲೆಕ್ಕ ಬೇರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ‘ಸ್ಟ್ಯಾಂಪೀಡ್’ ಅಧ್ಯಯನದಲ್ಲಿ ಅಂಥ 150 ಮಂದಿಗೆ ಬಿಗಿಯಾದ ಔಷಧೋಪಚಾರ ಕೊಟ್ಟು, ಮೂರರಲ್ಲಿ ಎರಡು ಗುಂಪಿಗೆ ಆಪರೇಷನ್ನನ್ನೂ ಮಾಡಿದರು. 2017ರಲ್ಲಿ 5 ವರ್ಷದ ಫಲಿತಾಂಶ ಬಂತು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು ಬರೀ ಔಷಧಿಯಲ್ಲಿ ಶೇ. 5, ಹೊಟ್ಟೆಚೀಲವನ್ನು ಚಿಕ್ಕದಾಗಿಸಿ ಕರುಳಿಗೆ ಜೋಡಿಸುವ ಬೈಪಾಸ್‌ನಲ್ಲಿ ಶೇ. 29, ಹೊಟ್ಟೆಚೀಲವನ್ನು ಕತ್ತರಿಸಿ ಕೊಳವೆಯಂತೆ ಮಾಡುವ ಸ್ಲೀವ್‌ನಲ್ಲಿ ಶೇ. 23. ಗೆದ್ದದ್ದು ಆಪರೇಷನ್ನೇ. ಆದರೂ ಆಪರೇಷನ್ ಆದ ಹತ್ತರಲ್ಲಿ ಏಳು ಮಂದಿ ಆ ಗುರಿ ಮುಟ್ಟಲಿಲ್ಲ. ‘ಶುಗರ್ ಮಾಯ’ ಎಂದು ಜಾಹೀರಾತು ಕೊಡುವವರು ಇದನ್ನು ಹೇಳುವುದಿಲ್ಲ. ಈಗ ಬಂದಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಆಗಿನ ಔಷಧಿಗಳಿಗಿಂತ ಬಹಳ ಬಲವಾದವು. ನಿಲ್ಲಿಸಿದರೆ ಮಾತ್ರ ಇಳಿದ ತೂಕದ ಬಹುಪಾಲು ಮರಳುತ್ತದೆ.

ನಮ್ಮ ಚಿಂತೆ ಆಪರೇಷನ್ ಥಿಯೇಟರಿನ ಆಚೆಯದು. ಸ್ಲೀವ್‌ನಲ್ಲಿ ಹೊಟ್ಟೆಚೀಲದ ಸುಮಾರು ಶೇ. 80 ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿದ ಕೊಳವೆ ಎಲ್ಲೋ ಇರುಕಾಗಿ ಎರಡು ವಾರ ಬಿಡದೆ ವಾಂತಿಯಾಯಿತೆನ್ನಿ. ದೇಹದಲ್ಲಿರುವ ಥಯಾಮಿನ್ (ವಿಟಮಿನ್ ಬಿ1) ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಲುವಂಥದ್ದು. ಊರಿನ ಆಸ್ಪತ್ರೆಗೆ ಬಂದ ಕೂಡಲೇ ‘ಸುಸ್ತು’ ಎಂದು ಡೆಕ್ಸ್‌ಟ್ರೋಸ್ ಡ್ರಿಪ್ ಏರಿಸುತ್ತಾರೆ. ಆ ಗ್ಲೂಕೋಸ್ ಅರಗಿಸಲು ಅಳಿದುಳಿದ ಥಯಾಮಿನ್ನೂ ಖರ್ಚಾಗಿ ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ತೂರಾಡುತ್ತದೆ, ನೆನಪು ಶಾಶ್ವತವಾಗಿ ಹೋಗಲೂಬಹುದು. ಮೊದಲು ಥಯಾಮಿನ್ ರಕ್ತನಾಳಕ್ಕೆ ಕೊಡಬೇಕು, ಆಮೇಲೆ ಡೆಕ್ಸ್‌ಟ್ರೋಸ್. ಲಕ್ಷಣ ಶುರುವಾಗಿದ್ದರೆ 200ರಿಂದ 500 ಮಿ.ಗ್ರಾಂ.ನಂತೆ ದಿನಕ್ಕೆ ಮೂರು ಸಲ.

ಮಂಡಿನೋವಿಗೆ ಥಟ್ಟನೆ ಚುಚ್ಚುವ ಡೈಕ್ಲೊಫೆನಾಕ್ ಇನ್ನೊಂದು ಬಲೆ. ಬೈಪಾಸ್ ಆದವರಿಗೆ ಜೋಡಿಸಿದ ಜಾಗದಲ್ಲೇ ಹುಣ್ಣಾಗಬಹುದು. ಊಟದ ವಿಷಯವೂ ಇದೆ. ಅರ್ಧ ಮುದ್ದೆಗೇ ಹೊಟ್ಟೆ ತುಂಬುವವರು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ತಿನ್ನಬೇಕಾದರೆ ತಟ್ಟೆಯಲ್ಲಿ ಮೊಟ್ಟೆ, ಮೊಸರು, ಕಾಳು ಮೊದಲು ಬರಬೇಕು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ.

ಆದ್ದರಿಂದ ಆಪರೇಷನ್‌ಗೆ ಸರ್ಕಾರ ದುಡ್ಡು ಕೊಡುವುದಾದರೆ ವರ್ಷಕ್ಕೊಮ್ಮೆ ಬಿ12, ಕಬ್ಬಿಣ, ವಿಟಮಿನ್ ಡಿ ರಕ್ತಪರೀಕ್ಷೆಯ ಖರ್ಚನ್ನೂ ಅದೇ ಪ್ಯಾಕೇಜಿಗೆ ಸೇರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಥಯಾಮಿನ್, ಬಿ12 ಇಂಜೆಕ್ಷನ್ ಸದಾ ಇರಲಿ. ಡಿಸ್ಚಾರ್ಜ್ ದಿನವೇ ರೋಗಿಯ ಕೈಗೆ ಕನ್ನಡದಲ್ಲೊಂದು ಕಾರ್ಡ್ ಕೊಡಿಸಿ: ಯಾವ ಆಪರೇಷನ್, ಯಾವ ದಿನ, ಯಾವ ನೋವಿನ ಮಾತ್ರೆ ಬೇಡ, ಮೊದಲ ವಾರಗಳಲ್ಲಿ ನಾಡಿ 120 ದಾಟಿದರೆ, ಹೊಟ್ಟೆ ಮೆತ್ತಗಿದ್ದರೂ, ಒಳಗಿನ ಹೊಲಿಗೆ ಸೋರುತ್ತಿದೆಯೇ ಎಂದು ಅಂದೇ ನೋಡಿಸಬೇಕು.

ಇಂತಿ,
ಬೊಜ್ಜು ಮತ್ತು ಮಧುಮೇಹ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು, ಆಹಾರತಜ್ಞರು